ಸಣ್ಣ ಮರವೂ ಸೂರಿಗೆ ಆಸರೆ



ರಾಗಿ ಪೈರು ಒತ್ತಾಗಿ ಬಂದರೆ ನಾವೇನು ಮಾಡ್ತೇವೆ? ಕೆಲವನ್ನು ಕಿತ್ತು ಉಳಿದವಕ್ಕೆ ಜಾಗ ಮಾಡ್ತೇವೆ. ಮರದ ತೋಪಿಗೂ ಇದೇ ನಿಯಮ. ಎರಡು ಮೀಟರ್ ಅಂತರದಲ್ಲಿ ತೇಗ ನೆಟ್ಟರೆ ಎಕರೆಗೆ ಸುಮಾರು 1,000 ಗಿಡ ಹಿಡಿಯುತ್ತವೆ. ಅಷ್ಟೂ ದಪ್ಪ ಮರವಾಗಲು ಜಾಗವಿಲ್ಲ. ಆದ್ದರಿಂದ ಸುಮಾರು 5ನೇ ವರ್ಷದಲ್ಲಿ ಒಮ್ಮೆ, 10ನೇ ವರ್ಷದಲ್ಲಿ ಇನ್ನೊಮ್ಮೆ ಕೆಲವನ್ನು ಕಡಿದು ತೋಪನ್ನು ತೆಳುವು ಮಾಡುತ್ತಾರೆ.

ಹೀಗೆ ಕಡಿದ ಗಳಗಳನ್ನು ನಾವು ಸೌದೆ ರೇಟಿಗೆ ಕೊಟ್ಟುಬಿಡ್ತೇವೆ. ಆಮೇಲೆ ಕೊಟ್ಟಿಗೆ ಕಟ್ಟಲು ಸಂಘದಲ್ಲಿ ಸಾಲ ತೆಗೆದು ಕಬ್ಬಿಣದ ಪೈಪು ತರ್ತೇವೆ. ಇದು ಯಾವ ಲೆಕ್ಕ?

"ಎಳೆ ಮರ ಬಾಳಿಕೆ ಬರೋದಿಲ್ಲ" ಅನ್ನುತ್ತೀರಿ. ನಿಜ. ಅದರಲ್ಲಿ ಕೆಚ್ಚು ಕಡಿಮೆ, ಬಿಳಿ ಭಾಗ ಹೆಚ್ಚು. ತೇಗವೇ ಆದರೂ ಬಿಳಿ ಭಾಗವನ್ನು ಗೆದ್ದಲು, ಕೊರೆಹುಳ ಬಿಡುವುದಿಲ್ಲ. ಆದರೆ ಇದಕ್ಕೆ ಉಪಾಯವಿದೆ. ಹಸಿ ಗಳದ ತೊಗಟೆ ಸುಲಿದು, ಬಿಳಿಗಾರ ಮತ್ತು ಬೋರಿಕ್ ಆಮ್ಲ ಕರಗಿಸಿದ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಬೇಕು. ಈ ನೀರು ಮಕ್ಕಳಿಗೆ, ದನಕರುಗಳಿಗೆ ಸಿಗದಂತೆ ನೋಡಿಕೊಳ್ಳಬೇಕು. ಮಳೆಗೆ ಈ ಔಷಧ ತೊಳೆದುಹೋಗುತ್ತದೆ. ಆದ್ದರಿಂದ ಗಳ ಸೂರಿನ ಒಳಗೇ ಇರಲಿ, ಕಂಬದ ಬುಡ ಮಣ್ಣಿಗೆ ತಾಗದೆ ಕಲ್ಲಿನ ಮೇಲೆ ನಿಲ್ಲಲಿ. ಅಳತೆ, ಪ್ರಮಾಣಗಳನ್ನು ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರಲ್ಲಿ ಕೇಳಬಹುದು.

ಸಣ್ಣ ಗಳವನ್ನು ಕೊಯ್ದು ಚೌಕ ಮಾಡಬೇಡಿ. ದುಂಡಗೇ ಇದ್ದರೆ ನಾರು ಕಡಿಯುವುದಿಲ್ಲ, ಹೆಚ್ಚು ಭಾರ ತಡೆಯುತ್ತದೆ. ಇನ್ನೊಂದು ಮಾತು: ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ. ಸುಟ್ಟರೆ ಅದು ಗಾಳಿ ಸೇರುತ್ತದೆ. ಸೂರಿನಲ್ಲಿದ್ದಷ್ಟು ಕಾಲ ಅಲ್ಲೇ ಉಳಿಯುತ್ತದೆ.

ಆದರೆ ಎಚ್ಚರ. ನಾವು ಹೇಳುತ್ತಿರುವುದು ನಮ್ಮದೇ ತೋಪಿನ ಮರದ ಬಗ್ಗೆ. ಸರ್ಕಾರಿ ಕಾಡಿನಿಂದ ಗಳ ಕಡಿದು ತಂದರೆ ಕೇಸಾಗುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಮ್ಮ ಹೊಲದ ತೇಗ ಕಡಿಯಲೂ ಅರಣ್ಯ ಇಲಾಖೆಯ ಅನುಮತಿ ಬೇಕು. ಗಾಳಿ, ನೀಲಗಿರಿ, ಸಿಲ್ವರ್ ಓಕ್‌ಗೆ ವಿನಾಯಿತಿ ಇದೆ. ಆದರೂ ಕೊಡಲಿ ಎತ್ತುವ ಮುಂಚೆ ವಲಯ ಅರಣ್ಯ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ.

ಎಷ್ಟೋ ಮನೆಗಳಲ್ಲಿ ವ್ಯಾಪಾರಿಗೆ ಮಾತು ಕೊಟ್ಟ ಮೇಲಷ್ಟೇ ಹೆಂಗಸರಿಗೆ ಸುದ್ದಿ ತಿಳಿಯುತ್ತದೆ. ಗಿಡಕ್ಕೆ ನೀರು ಹೊತ್ತವರು ನಾವು, ಸಾಲದ ಕಂತು ಕಟ್ಟುವವರೂ ನಾವೇ. ಮಾತುಕತೆಯಲ್ಲೂ ನಾವಿರಬೇಕು. ಬರುವ ವಾರದ ಸಭೆಯಲ್ಲಿ ಎರಡು ಪಟ್ಟಿ ಬರೆಯೋಣ: ಈ ವರ್ಷ ಯಾರ ತೋಪು ತೆಳುವಾಗುತ್ತದೆ, ಯಾರು ಕೊಟ್ಟಿಗೆಗೆ ಸಾಲ ಕೇಳಿದ್ದಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಸಾಲ ಮಂಜೂರು ಮಾಡೋಣ.