ಹಚ್ಚುವ ಮೊದಲು ಡಬ್ಬಿ ಓದಿರಿ

(ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಒಂದು ಕಲಿಕಾ ಕೇಂದ್ರದಲ್ಲಿ ಸಂಕ್ರಾಂತಿಯ ಅರಿಶಿನ-ಕುಂಕುಮದ ದಿನ ಸಂಯೋಜಕಿ ಆಡಿದ ಮಾತು)



ಎಳ್ಳು-ಬೆಲ್ಲ ಎಲ್ಲರಿಗೂ ಮುಟ್ಟಿತೇನ್ರಿ? ಹಿಂದಿನ ಸಾಲಿನವರಿಗೆ ಕುಸುರೆಳ್ಳು ಹೋಗಿಲ್ಲ ಅಂತ ಕಾಣಿಸ್ತದೆ. ಆ ತಾಟು ಹಿಂದಕ್ಕೆ ಕಳಿಸಿರಿ.

ತೊಗರಿ ರಾಶಿ ಬಿಟ್ಟು ಬಂದಿದ್ದೀರಿ. ಅದಕ್ಕೆ ಇವತ್ತು ಪಾಠ ಇಲ್ಲ. ಚಂದದ ಮಾತು ಆಡೋಣ. ಸೀರೆ, ಟಿಕಳಿ, ಪಾವಡರ್, ಕ್ರೀಮು. ನಗಬೇಡಿರಿ. ನಿಮಗೆಲ್ಲ ಇದರ ಮೇಲೆ ಆಸೆ ಇದೆ, ನನಗೂ ಇದೆ. ಹೆಣ್ಣುಮಗಳು ಚಂದ ಕಾಣಬೇಕು ಅಂದರೆ ತಪ್ಪೇನಿದೆ?

ಹೋದ ವರ್ಷ ಇದೇ ಹಬ್ಬಕ್ಕೆ ಒಂದು ಮನೆಗೆ ಹೋಗಿದ್ದೆ. ಅರಿಶಿನ-ಕುಂಕುಮ ಹಚ್ಚಿ ವಾಣ ಕೊಟ್ಟರು. ಏನು ವಾಣ? ಒಂದು ಸಣ್ಣ ಕ್ರೀಮಿನ ಡಬ್ಬಿ. ಮೇಲೆ ಬೆಳ್ಳನೆಯ ಹುಡುಗಿಯ ಚಿತ್ರ. ಮನೆಗೆ ಬಂದು ತಿರುಗಿಸಿ ನೋಡಿದೆ. ಯಾರು ಮಾಡಿದ್ದು, ಯಾವ ಊರಾಗ ಮಾಡಿದ್ದು, ಎಂದು ಮಾಡಿದ್ದು, ಒಂದೂ ಬರೆದಿರಲಿಲ್ಲ. ಕೊಟ್ಟವರು ಪ್ರೀತಿಯಿಂದಲೇ ಕೊಟ್ಟರು. ಆದರೆ ಹೆಸರು-ಊರು ಇಲ್ಲದವನ ಕೈಯಿಂದ ನಾವು ನೀರಾದರೂ ಕುಡಿಯುತ್ತೇವೇನು? ಅಂಥವನು ಮಾಡಿದ್ದನ್ನು ಮಾರಿಗೆ ಹೇಗೆ ಹಚ್ಚಿಕೊಳ್ಳುವುದು?

ಈಗ ನಮ್ಮ ಕೇಂದ್ರದ್ದೇ ಒಂದು ಸಂಗತಿ ಹೇಳುತ್ತೇನೆ. ಆ ಅಕ್ಕ ಇಲ್ಲಿಯೇ ಕೂತಿದ್ದಾರೆ. ಹೆಸರು ಹೇಳುವುದಿಲ್ಲ. ಹೇಳ್ರಿ ಅಕ್ಕೋರ, ಬೇರೆಯವರಿಗಾದರೂ ತಿಳೀಲಿ ಅಂತ ಅವರೇ ಅಂದಿದ್ದಾರೆ.

ಅವರ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಹುಡುಗಿ ನಮ್ಮ-ನಿಮ್ಮ ಹಾಗೆಯೇ ಎಣ್ಣೆಗೆಂಪು ಬಣ್ಣ, ಲಕ್ಷಣವಾದ ಮಾರಿ. ಬಾಜೂ ಮನೆಯವರು ಒಂದು ಟ್ಯೂಬಿನ ಹೆಸರು ಹೇಳಿದರು. ಒಂದು ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೇಳದೆ ಕೊಟ್ಟರು. ರಾತ್ರಿ ಹಚ್ಚಿ ಮಲಗಿದಳು. ಎಂಟು-ಹತ್ತು ದಿನಕ್ಕೆ ಮಾರಿ ತಿಳಿಯಾಯಿತು. ಕಲೆ ಹೋದವು. ಗಂಡಿನವರು ಬಂದು ಒಪ್ಪಿಕೊಂಡು ಹೋದರು. ಮನೆಯವರಿಗೆಲ್ಲ ಖುಷಿ. ಇನ್ನೂ ಚಂದ ಆಗಲಿ ಅಂತ ಲಗ್ನದವರೆಗೂ ಹಚ್ಚುತ್ತಲೇ ಇದ್ದಳು.

ಲಗ್ನ ಇದ್ದದ್ದು ಐದು ತಿಂಗಳ ಮೇಲೆ. ಅಷ್ಟರಲ್ಲಿ ಗಲ್ಲ ಕೆಂಪಾಗಿ, ಸಣ್ಣ ಸಣ್ಣ ರಕ್ತನಾಳ ಎದ್ದು ಕಾಣತೊಡಗಿದವು. ಗದ್ದದ ಮೇಲೆ ಕೂದಲು ಬಂತು. ಮೊಡವೆ ಎದ್ದವು. ಬಿಸಿಲಿಗೆ ಹೋದರೆ ಬೆಂಕಿ ಸುರಿದಂತೆ ಉರಿ. ಹೆದರಿ ಟ್ಯೂಬು ಬಿಟ್ಟರೆ ಎರಡು ದಿನಕ್ಕೆ ಮಾರಿ ಬಾತುಕೊಳ್ಳುತ್ತಿತ್ತು. ಮತ್ತೆ ಹಚ್ಚಿದರೆ ಆರಾಮ. ಕುಡುಕನಿಗೆ ಸೆರೆ ಬೇಕಾದಂತೆ ಆ ಮಾರಿಗೆ ಟ್ಯೂಬು ಬೇಕಾಯಿತು. ಲಗ್ನದ ಫೋಟೋದಲ್ಲಿ ಅವಳು ಸೆರಗು ಮುಂದೆ ಎಳೆದುಕೊಂಡು ನಿಂತಿದ್ದಾಳೆ. ಆ ಫೋಟೋ ನೋಡಿದಾಗೆಲ್ಲ ನನಗೆ ಸಂಕಟ.

ಆಮೇಲೆ ಆ ಅಕ್ಕ ಖಾಲಿ ಟ್ಯೂಬನ್ನೂ ಅದರ ಪೆಟ್ಟಿಗೆಯನ್ನೂ ಕಾಗದದಲ್ಲಿ ಸುತ್ತಿ ಕೇಂದ್ರಕ್ಕೆ ತಂದರು. ಪೆಟ್ಟಿಗೆಯ ಎಡಗಡೆ ಮೇಲಿನಿಂದ ಕೆಳಗಿನವರೆಗೆ ಒಂದು ಕೆಂಪು ಗೆರೆ ಇತ್ತು. ಇದನ್ನ ನೋಡಿದ್ರೇನ್ರಿ ಅಂತ ಕೇಳಿದೆ. ಅವರು ಅಂದದ್ದು: "ಗೆರಿ ಕಂಡಿದ್ದೆ ಅಕ್ಕೋರ. ಅದು ಚಂದಕ್ಕ ಹಾಕ್ಯಾರ ಅಂತ ತಿಳಿದಿದ್ದೆ."

ಆ ಗೆರೆ ಚಂದಕ್ಕಲ್ಲ. ಇದು ಡಾಕ್ಟರು ಬರೆದುಕೊಟ್ಟರೆ ಮಾತ್ರ ಬಳಸುವ ಔಷಧಿ ಅಂತ ಅದರ ಅರ್ಥ. ಅಕ್ಷರ ಬಾರದವರಿಗೂ ಅದು ಕಾಣುತ್ತದೆ. ಗುಳಗಿಯ ಹಾಳೆಯ ಮೇಲೂ ನೋಡಿರುತ್ತೀರಿ. ಮಾರಿಗೆ ಹಚ್ಚುವ ಯಾವ ಟ್ಯೂಬಿನ ಮೇಲೆ ಕೆಂಪು ಗೆರೆ ಇದ್ದರೂ ಅದು ಸೌಂದರ್ಯದ ಕ್ರೀಮು ಅಲ್ಲ, ರೋಗದ ಮುಲಾಮು.

ಆ ಟ್ಯೂಬಿನೊಳಗೆ ಇದ್ದದ್ದು ಸ್ಟೀರಾಯ್ಡ್. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಅಂತ ಅದರಲ್ಲಿ ಬಗೆಗಳಿವೆ. ಬಾಯಿಪಾಠ ಮಾಡಬೇಕಾಗಿಲ್ಲ. ಕೊನೆಗೆ 'ಸೋನ್', 'ಸೋಲ್' ಅಂತ ಕೇಳಿದರೆ ಕಿವಿ ನಿಮಿರಲಿ, ಅಷ್ಟು ಸಾಕು. ಗಜಕರ್ಣಕ್ಕೆ ಅಂತ ಅಂಗಡಿಯವರು ಕೊಡುವ ಎಷ್ಟೋ ಟ್ಯೂಬಿನಲ್ಲೂ ಇದೇ ಸೇರಿರುತ್ತದೆ. ತುರಿಕೆ ನಿಂತಂತೆ ಕಾಣುತ್ತದೆ, ಗಜಕರ್ಣ ಒಳಗೊಳಗೇ ಹರಡುತ್ತದೆ. ಸ್ಟೀರಾಯ್ಡ್ ಕೆಟ್ಟ ಔಷಧಿ ಏನಲ್ಲ. ಡಾಕ್ಟರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯದೇ. ತಿಂಗಳುಗಟ್ಟಲೆ ಮಾರಿಗೆ ಹಚ್ಚಿದರೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಬಗೆಯ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಮಾಡಿದೆ. ನಿಯಮ ದಿಲ್ಲಿಯಲ್ಲಿದೆ, ಅಂಗಡಿ ನಮ್ಮೂರಲ್ಲಿದೆ. ನಡುವೆ ನೋಡುವವರು ನಾವೇ ಆಗಬೇಕು.

ನಿಮ್ಮಲ್ಲಿ ಯಾರಾದರೂ ಈಗಾಗಲೇ ಹಚ್ಚುತ್ತಿದ್ದರೆ ಹೆದರಬೇಡಿರಿ, ನಾಚಬೇಡಿರಿ. ಆ ಟ್ಯೂಬು ತೆಗೆದುಕೊಂಡೇ ಚರ್ಮದ ಡಾಕ್ಟರ ಹತ್ತಿರ ಹೋಗಿರಿ. ಸೊಲ್ಲಾಪುರದ ಸಿವ್ಹಿಲ್ ದವಾಖಾನೆಯಲ್ಲಿ ಚರ್ಮದ ವಿಭಾಗ ಇದೆ. ಹೇಗೆ ಬಿಡಬೇಕು ಅಂತ ಅವರೇ ಹೇಳುತ್ತಾರೆ. ಆ ಹುಡುಗಿಗೆ ಸರಿಹೋಗಲು ವರ್ಷ ಹಿಡಿಯಿತು. ಈಗ ಪೂರಾ ಅಲ್ಲ, ಬಹಳ ಮಟ್ಟಿಗೆ ಆರಾಮ ಇದ್ದಾಳೆ.

ಇನ್ನೊಂದು ಬಗೆಯ ಕ್ರೀಮು ಇದಕ್ಕಿಂತ ಕೆಟ್ಟದ್ದು. ಅದರ ಮೇಲೆ ಗೆರೆಯೂ ಇರುವುದಿಲ್ಲ. ಅದರಲ್ಲಿ ಪಾದರಸ ಇರುತ್ತದೆ. ಜ್ವರ ನೋಡುವ ಹಳೆಯ ಗಾಜಿನ ಕಡ್ಡಿಯೊಳಗೆ ಹೊಳೆಯುತ್ತಿತ್ತಲ್ಲ, ಅದೇ. ಪಾದರಸ ಚರ್ಮದಲ್ಲಿ ಬಣ್ಣ ಹುಟ್ಟುವುದನ್ನು ತಡೆಯುತ್ತದೆ. ಅದಕ್ಕೇ ಬೇಗ ಬೆಳ್ಳಗೆ ಕಾಣುತ್ತದೆ. ಆದರೆ ಅದು ಚರ್ಮದಲ್ಲೇ ನಿಲ್ಲುವುದಿಲ್ಲ. ರಕ್ತಕ್ಕೆ ಇಳಿದು ಮೂತ್ರಪಿಂಡಕ್ಕೆ, ಅಂದರೆ ಕಿಡ್ನಿಗೆ ಹೋಗುತ್ತದೆ.

ಕೇರಳದಲ್ಲಿ ಇದು ನಡೆದಿದೆ. ಕಾಸರಗೋಡಿನಲ್ಲಿ ನಮ್ಮ ಕನ್ನಡದವರು ಇದ್ದಾರಲ್ಲ, ಅದೇ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ. 2021ರಿಂದ 2023ರವರೆಗೆ ಅಲ್ಲಿನ ಡಾಕ್ಟರು ಒಂದು ಬಗೆಯ ಕಿಡ್ನಿ ರೋಗದವರನ್ನು ನೋಡಿದರು. ಒಟ್ಟು 22 ಜನ. ಅವರಲ್ಲಿ 15 ಜನರ ರೋಗ ಅಪರೂಪದ್ದು. ಯಾಕೆ ಬಂತು ಅಂತ ಹುಡುಕಿದರು. ಆ 15ರಲ್ಲಿ 13 ಜನ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದರು. 2024ರಲ್ಲಿ ಡಾಕ್ಟರು ಇದನ್ನು ಬರೆದು ಪ್ರಕಟ ಮಾಡಿದರು. ಕ್ರೀಮು ಹಚ್ಚುವವರಿಗೆ ಕಾಲು ಬಾತರೆ, ಮೂತ್ರದಲ್ಲಿ ಬಹಳ ನೊರೆ ಬಂದರೆ, ತಡ ಮಾಡದೆ ದವಾಖಾನೆಗೆ ಹೋಗಬೇಕು. ಕ್ರೀಮು ಹಚ್ಚುತ್ತೇನೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಅವರಾಗಿ ಕೇಳಲಿಕ್ಕಿಲ್ಲ.

ನಮ್ಮ ದೇಶದ 2020ರ ನಿಯಮದಂತೆ ಕ್ರೀಮಿಗೆ ಪಾದರಸ ಬೇಕೆಂದು ಹಾಕುವಂತಿಲ್ಲ. ತಿಳಿಯದೆ ಸೇರಿದರೂ ಹತ್ತು ಲಕ್ಷದಲ್ಲಿ ಒಂದು ಪಾಲು ದಾಟಬಾರದು. ಅಂದರೆ ಹತ್ತು ಕ್ವಿಂಟಲ್ ಜೋಳದ ರಾಶಿಯಲ್ಲಿ ಒಂದೇ ಗ್ರಾಂ. ಅಷ್ಟಿದೆಯೋ ಇಲ್ಲವೋ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಡಬ್ಬಿಯ ಮೇಲಿನ ಬರಹ. ಅದಕ್ಕೇ ಬರಹ ಓದಬೇಕು.

ನಿಮ್ಮ ಪ್ರಶ್ನೆ ನನಗೆ ಗೊತ್ತು. ನಾವು ಕಲಿತದ್ದು ಕನ್ನಡ, ಎಸ್.ಟಿ. ಬಸ್ಸಿನ ಮೇಲೆ ಮರಾಠಿ, ಡಬ್ಬಿಯ ಮೇಲೆ ಇಂಗ್ಲಿಷ್. ಏನು ಓದೂದ್ರಿ? ಗಡಿಯಲ್ಲಿ ಇರುವವರ ಹಣೆಬರಹವೇ ಇದು. ಆದರೆ ನಿಮ್ಮ ಮೊಬೈಲ್ ತೆಗೆಯಿರಿ. ನಂಬರು ಒತ್ತುವ ಅಂಕಿಗಳು ನಿಮಗೆಲ್ಲ ಬರುತ್ತವೆ. ಡಬ್ಬಿಯ ಮೇಲಿರುವುದೂ ಅದೇ ಅಂಕಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಡಬ್ಬಿ ತಿರುಗಿಸಿ ಎರಡು ತಾರೀಖು ಹುಡುಕಿರಿ. ಒಂದು ಮಾಡಿದ ತಿಂಗಳು, ಒಂದು ಮುಗಿಯುವ ತಿಂಗಳು. 06/2027 ಅಂತ ಇದ್ದರೆ 2027ನೆಯ ಇಸವಿಯ ಆರನೆಯ ತಿಂಗಳು. ಕೆಲವು ಡಬ್ಬಿಯಲ್ಲಿ ಮಾಡಿದ ತಿಂಗಳು ಮಾತ್ರ ಇದ್ದು, ಅಲ್ಲಿಂದ ಇಷ್ಟು ತಿಂಗಳು ಬಳಸಬಹುದು ಅಂತ ಬರೆದಿರುತ್ತಾರೆ. ಆಗ ಬೆರಳು ಎಣಿಸಬೇಕು. ಆಮೇಲೆ ಬೆಲೆ. ಆಮೇಲೆ ಮಾಡಿದವರ ವಿಳಾಸ. ವಿಳಾಸದ ಕೊನೆಗೆ ಊರಿನ ಆರು ಅಂಕಿಯ ಪಿನ್ ಇರುತ್ತದೆ. ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇರಲೇಬೇಕು. ಹೊರದೇಶದ್ದಾದರೆ ತರಿಸಿದವರ ಹೆಸರು-ವಿಳಾಸ, ನೋಂದಣಿ ನಂಬರು ಇರಬೇಕು. ಇವು ಇಲ್ಲದ ಡಬ್ಬಿ ಎಷ್ಟೇ ಚಂದ ಇರಲಿ, ಸಂತೆಯಲ್ಲೇ ಇರಲಿ. ಬಿಡಿಯಾಗಿ ಚೊಂಬಿನಿಂದ ತೆಗೆದು ತುಂಬಿಕೊಡುವ 'ಸ್ಪೆಷಲ್' ಕ್ರೀಮು ಅಂತೂ ಬೇಡವೇ ಬೇಡ. ಅಂಗಡಿಯವನು ನಗಬಹುದು. ನಕ್ಕರೆ ನಗಲಿ.

ಇಷ್ಟೆಲ್ಲ ಯಾಕೆ ಆಗುತ್ತದೆ? ಬೆಳ್ಳಗಾಗಬೇಕು ಅಂತ. ನಮ್ಮ ಚರ್ಮದಲ್ಲಿ ಬಣ್ಣದ ಸಣ್ಣ ಕಣಗಳಿವೆ. ಅವು ಬಿಸಿಲಿಗೆ ಹಿಡಿದ ಕೊಡೆಯ ಹಾಗೆ. ಸೊಲ್ಲಾಪುರದ ಬಿಸಿಲಿನಲ್ಲಿ ಜೀವನ ಮಾಡುವವರಿಗೆ ಆ ಕೊಡೆ ಬೇಕು. ಅದನ್ನು ಹರಿದು ಹಾಕಲು ನಾವೇ ದುಡ್ಡು ಕೊಡುತ್ತಿದ್ದೇವೆ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದು 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಕಂಪನಿಯ ಮಾತು ಬದಲಾಯಿತು. ನಮ್ಮ ಮನೆಯ ಮಾತು? ಕೂಸು ಹುಟ್ಟಿದ ಕೂಡಲೇ ನಾವು ಕೇಳುವುದು ಏನು? ಕೆಂಪಗದನೋ ಕರ್ರಗದನೋ ಅಂತ. ನನ್ನ ಸ್ವಂತ ಅಜ್ಜಿ ನನ್ನನ್ನು 'ಕರಿಯವ್ವ' ಅಂತಲೇ ಕರೆಯುತ್ತಿದ್ದಳು. ಪ್ರೀತಿಯಿಂದಲೇ. ಆದರೂ ಬಿ.ಎ. ಮುಗಿಯುವವರೆಗೆ ನಾನು ಪಾವಡರ್ ಬಡಿದುಕೊಳ್ಳದೆ ಹೊಸ್ತಿಲು ದಾಟಿದವಳಲ್ಲ.

ಹಾಗಾದರೆ ಏನು ಹಚ್ಚಬೇಕು ಅಂತೀರಿ. ಬಹಳ ಕಡಿಮೆ ಸಾಕು. ದಿನಕ್ಕೆ ಎರಡು ಸಲ ಮಾರಿ ತೊಳೆಯಿರಿ. ಬಟ್ಟೆ ಸಾಬಾನು ಮಾರಿಗೆ ಬೇಡ. ಬೀಡಿ ಕಟ್ಟುವವರು ಕೈ ತೊಳೆದೇ ಮಾರಿ ಮುಟ್ಟಿರಿ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟ ಗಾಯ ಆಗುತ್ತದೆ, ಅದನ್ನು ಮಾಡಬೇಡಿರಿ. ಚಳಿಗೆ ಹಿಮ್ಮಡ ಒಡೆದವರು ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲು ಇಟ್ಟು, ಹಸಿ ಇರುವಾಗಲೇ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ, ಹಳೆಯ ಕಾಲುಚೀಲ ಹಾಕಿ ಮಲಗಿರಿ. ಮೊಡವೆ ಇದ್ದವರು ಮಾರಿಗೆ ಮಾತ್ರ ಎಣ್ಣೆ ಹಚ್ಚಬೇಡಿರಿ. ಹೊಲಕ್ಕೆ ಹೋಗುವಾಗ ಗಂಡನ ಹಳೆಯ ಪೂರ್ತೋಳಿನ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು, ತಲೆಗೆ ಹತ್ತಿ ಬಟ್ಟೆ ಕಟ್ಟುತ್ತೀರಲ್ಲ, ಅದು ಸಾವಿರ ರೂಪಾಯಿ ಕ್ರೀಮಿಗಿಂತ ಮೇಲು. ಊರಿಗೆ ಯಾರಾದರೂ ಬಂದರೆ ಆ ಅಂಗಿಯನ್ನು ಬಿಚ್ಚಿ ಮುಚ್ಚಿಡುವುದನ್ನು ನೋಡಿದ್ದೇನೆ. ಯಾಕೆ ಮುಚ್ಚಿಡಬೇಕು?

ಟಿಕಳಿಯ ಮಾತು ಒಂದು. ಅಂಟಿಸುವ ಟಿಕಳಿಯ ಅಂಟಿನಲ್ಲಿರುವ ರಾಸಾಯನಿಕ ಕೆಲವರಿಗೆ ಆಗುವುದಿಲ್ಲ. ಮೊದಲು ತುರಿಕೆ, ಆಮೇಲೆ ಅದೇ ಜಾಗ ಬೆಳ್ಳಗಾಗುತ್ತದೆ. ರಾತ್ರಿ ತೆಗೆದು ಮಲಗಿರಿ. ತುರಿಸಿದರೆ ಆ ಟಿಕಳಿ ಬಿಟ್ಟುಬಿಡಿರಿ. ಬಿಳಿ ಮಚ್ಚೆ ಇದ್ದವರನ್ನು ದೂರ ಕೂಡಿಸಬೇಡಿರಿ, ಅದು ಅಂಟುರೋಗ ಅಲ್ಲ. ಟಿಕಳಿ ಅಂದಾಗ ಇನ್ನೊಂದು ನೆನಪಾಯಿತು. ಇವತ್ತು ಇಲ್ಲಿ ಗಂಡ ತೀರಿಕೊಂಡ ಅಕ್ಕಂದಿರೂ ಬಂದಿದ್ದಾರೆ. ಅವರಿಗೂ ಅರಿಶಿನ-ಕುಂಕುಮ, ಅವರಿಗೂ ವಾಣ. ಇದೇನು ಹೊಸದು ಅಂತ ಗುಸುಗುಸು ಕೇಳಿಸಿತು. ನಮ್ಮದೇ ರಾಜ್ಯದ ಕೊಲ್ಹಾಪುರ ಜಿಲ್ಲೆಯ ಹೇರವಾಡದ ಗ್ರಾಮ ಪಂಚಾಯತಿ 2022ರ ಮೇ ತಿಂಗಳಲ್ಲಿ, ಗಂಡ ಸತ್ತವರ ಕುಂಕುಮ ಅಳಿಸುವ, ಬಳೆ ಒಡೆಯುವ ಪದ್ಧತಿ ಬೇಡ ಅಂತ ಠರಾವು ಮಾಡಿತು. ಅದೇ ತಿಂಗಳು ಸರ್ಕಾರವೂ ಉಳಿದ ಪಂಚಾಯತಿಗಳು ಹೀಗೆ ಮಾಡಲಿ ಅಂದಿತು. ಹಚ್ಚಿಕೊಳ್ಳುವುದು, ಬಿಡುವುದು ಅವರವರ ಖುಷಿ.

ಮೆಹಂದಿ ನಿಜವಾದದ್ದಾದರೆ ಕೆಂಪಾಗುತ್ತದೆ, ಕಂದಾಗುತ್ತದೆ, ಇದ್ದಿಲಿನಂತೆ ಕಪ್ಪಾಗುವುದಿಲ್ಲ. ಜಾತ್ರೆಯಲ್ಲಿ ಹಾಕುವ ಕರಿ ಮೆಹಂದಿಯಲ್ಲಿ ಕೂದಲಿನ ಡೈ ಸೇರಿಸಿರುತ್ತಾರೆ. ಮಕ್ಕಳ ಕೈಗೆ ಗುಳ್ಳೆ ಏಳುತ್ತವೆ. ತಲೆಗೆ ಡೈ ಹಚ್ಚುವವರು ಎರಡು ದಿನ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿರಿ. ಕೂಸಿನ ಕಣ್ಣೊಳಗೆ ಕಾಡಿಗೆ ಬೇಡ. ದೃಷ್ಟಿಬೊಟ್ಟು ಬೇಕಾದರೆ ಅಂಗಾಲಿಗೆ ಇಡಿರಿ.

ಈಗ ವಾಣ ಕೊಡುವ ಹೊತ್ತು. ಈ ಸಲ ಎಲ್ಲರಿಗೂ ಒಂದೊಂದು ಹಣಿಗೆ. ಅದರ ಮೇಲೆ ಓದುವುದು ಏನೂ ಇಲ್ಲ. ಆದರೆ ಮನೆಯಿಂದ ಡಬ್ಬಿ-ಟ್ಯೂಬು ತರಲು ಹೇಳಿದ್ದೆನಲ್ಲ, ಅವನ್ನು ಹೊರಗೆ ತೆಗೆಯಿರಿ. ಮೊದಲು ನನ್ನ ಪಾವಡರ್ ಡಬ್ಬಿ ಓದೋಣ. ನಿನ್ನೆ ರಾತ್ರಿ ನಿಮಗೆ ಹೇಳಬೇಕು ಅಂತ ತಿರುಗಿಸಿ ನೋಡಿದೆ, ನನಗೇ ನಾಚಿಕೆ ಆಯಿತು. ಮುಂದಿನ ಸಾಲಿನ ಅವ್ವಾ, ತಗೊಳ್ರಿ. ತಾರೀಖು ಮುಗಿದು ಎಷ್ಟು ತಿಂಗಳಾಯಿತು, ಎಣಿಸಿ ಹೇಳ್ರಿ.