ಮಾತೂ ಕಲಿಯಬೇಕಾದ ವಿದ್ಯೆ
(ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ಮಾತುಗಾರಿಕೆ ಹುಟ್ಟಿನಿಂದಲೇ ಬರಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದ್ದರಿಂದಲೇ ಗಣಿತ, ವಿಜ್ಞಾನಗಳಿಗೆ ಮಕ್ಕಳನ್ನು ಟ್ಯೂಷನ್‌ಗೆ ಕಳಿಸುವ ನಾವು ಮಾತನ್ನು ಅದರ ಪಾಡಿಗೆ ಬಿಟ್ಟಿದ್ದೇವೆ. ಅಮೆರಿಕದ ಕಮ್ಯುನಿಟಿ ಕಾಲೇಜುಗಳಾದರೋ ಅದನ್ನು ಒಂದು ಪಾಠವಾಗಿಯೇ ಕಲಿಸುತ್ತವೆ.

ಇವು ಸಿರಿವಂತರ ವಿದ್ಯಾಲಯಗಳಲ್ಲ. ಇವುಗಳಲ್ಲಿ ಅತ್ಯಂತ ಹಳೆಯದೆಂದು ಗುರುತಿಸಲಾಗುವ ಕಾಲೇಜು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ನಗರದಲ್ಲಿ ಕೇವಲ 6 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಹಗಲು ದುಡಿದು ಸಂಜೆ ಓದುವವರು, ಮಕ್ಕಳೊಂದಿಗರಾದ ತಾಯಂದಿರು, ವಲಸೆ ಬಂದವರು ಇಲ್ಲಿ ಕಡಿಮೆ ಶುಲ್ಕದಲ್ಲಿ ಎರಡು ವರ್ಷ ಕಲಿತು ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗಬಯಸುವವರು ಬರವಣಿಗೆ, ಗಣಿತ, ತಾರ್ಕಿಕ ಚಿಂತನೆಗಳ ಜೊತೆಗೆ ಮೌಖಿಕ ಸಂವಹನದಲ್ಲಿಯೂ ತೇರ್ಗಡೆಯಾಗಬೇಕು.

ಆ ತರಗತಿಯ ಕ್ರಮವನ್ನು ನಾವು ಗಮನಿಸಬೇಕು. ಸಾಮಾನ್ಯವಾಗಿ ಮೊದಲು ಸ್ವಪರಿಚಯ, ಅನಂತರ ಮಾಹಿತಿ ನೀಡುವ ಭಾಷಣ, ಕೊನೆಗೆ ಮನವೊಲಿಸುವ ಭಾಷಣ. ಬರೆದುದನ್ನು ಓದುವಂತಿಲ್ಲ, ಬಾಯಿಪಾಠ ಒಪ್ಪಿಸುವಂತಿಲ್ಲ. ಕೈಯಲ್ಲಿ ಮುಖ್ಯಾಂಶಗಳ ಚೀಟಿ ಮಾತ್ರ. ಕೇಳುಗರು ಯಾರು, ಅವರಿಗೆ ಈಗಾಗಲೇ ತಿಳಿದಿರುವುದೇನು ಎಂದು ಮೊದಲೇ ಯೋಚಿಸಬೇಕು. ಅಂಕಿಅಂಶ ಹೇಳಿದರೆ ಅದು ಎಲ್ಲಿಂದ ದೊರೆಯಿತೆಂದು ಅಲ್ಲಿಯೇ ತಿಳಿಸಬೇಕು. ನಿಗದಿತ ಸಮಯ ಮೀರಿದರೆ ಅಂಕ ಕಡಿತವಾಗುವುದೂ ಉಂಟು. ಸಹಪಾಠಿಗಳು ಕಿವಿಗೊಟ್ಟು ಕೇಳಿ, ಒಪ್ಪು ತಪ್ಪುಗಳನ್ನು ಸೌಜನ್ಯದಿಂದ ತಿಳಿಸಬೇಕು. ಕೇಳುವುದೂ ಅಲ್ಲಿ ಪಾಠವೇ.

ಇನ್ನು ನಮ್ಮ ಸ್ಥಿತಿಯನ್ನು ನೋಡೋಣ. ನಮ್ಮ ವೇದಿಕೆಗಳಲ್ಲಿ ಏರುದನಿಗೆ ಚಪ್ಪಾಳೆ ಬೀಳುತ್ತದೆ. ಆಧಾರವೇನೆಂದು ಯಾರೂ ಕೇಳುವುದಿಲ್ಲ. ಗಾಳಿಸುದ್ದಿಗಳು ಬೆಳೆಯುವುದು ಈ ಅಭ್ಯಾಸದಿಂದಲೇ. ಇತ್ತ, ಉತ್ತಮ ಅಂಕ ಪಡೆದ ನಮ್ಮ ಮಗ ಸಂದರ್ಶನದಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ಪಡಿತರ ಚೀಟಿಯಲ್ಲಿ ಹೆಸರು ತಪ್ಪಾಗಿದ್ದರೂ ನಮ್ಮ ಸಹೋದರಿ ಕಚೇರಿಯ ಕಿಟಕಿಯ ಮುಂದೆ ನಿಂತು ಹೇಳಲಾರದೆ ಮರಳುತ್ತಾಳೆ. ಅವರಲ್ಲಿ ಬುದ್ಧಿಗೆ ಕೊರತೆಯಿಲ್ಲ. ನಾವು ಅವರನ್ನು ಮಾತನಾಡಲು ಬಿಟ್ಟಿಲ್ಲ. ದೊಡ್ಡವರ ಮುಂದೆ ಬಾಯಿ ಮುಚ್ಚಿಕೊಂಡಿರುವುದೇ ಶಿಸ್ತು ಎಂದು ಕಲಿಸಿದ್ದೇವೆ.

ಇದನ್ನು ಸರಿಪಡಿಸಲು ದೊಡ್ಡ ಕಾಲೇಜಿಗಾಗಿ ಕಾಯಬೇಕಾಗಿಲ್ಲ. ವಾರಕ್ಕೊಮ್ಮೆ ಊಟದ ಬಳಿಕ ಮನೆಯ ಒಂದು ಮಗು, ಹೆಣ್ಣಾಗಲಿ ಗಂಡಾಗಲಿ, ಐದು ನಿಮಿಷ ಎದ್ದು ನಿಂತು ಮಾತನಾಡಲಿ. ತನಗೆ ಅದು ಹೇಗೆ ತಿಳಿಯಿತೆಂಬುದನ್ನೂ ಹೇಳಲಿ. ತಡವರಿಸಿದರೆ ಯಾರೂ ನಗದಿರಲಿ. ನಾವು ಹಿರಿಯರು ಆ ಐದು ನಿಮಿಷ ನಡುವೆ ಬಾಯಿ ಹಾಕದೆ ಕೇಳೋಣ. ಬಹುಶಃ ಮಕ್ಕಳಿಗಿಂತ ಮೊದಲು ನಾವು ಕಲಿಯಬೇಕಾದ ಪಾಠ ಇದೇ.