ಸಾಮಾನ್ಯ ಗೆಂಡೆಯ ದುಪ್ಪಟ್ಟು ವರ್ಣತಂತುಗಳು

(ಉಪನ್ಯಾಸದ ಪಾಠ)



ರಾಜ್ಯದ ಕೆರೆಗಳಲ್ಲಿಯೂ ಕೃಷಿ ಹೊಂಡಗಳಲ್ಲಿಯೂ ಕಾಟ್ಲ, ರೋಹು, ಮೃಗಾಲ್ ಮೀನುಗಳ ಜೊತೆಗೆ ಸಾಮಾನ್ಯ ಗೆಂಡೆಯನ್ನು ಸಾಕುವುದು ರೂಢಿಯಲ್ಲಿದೆ. ಈ ನಾಲ್ಕೂ ಗೆಂಡೆ ಜಾತಿಯ ಮೀನುಗಳೇ. ಆದರೆ ಇವುಗಳ ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ದೊಡ್ಡದೊಂದು ವ್ಯತ್ಯಾಸ ಕಾಣುತ್ತದೆ. ಮೊದಲ ಮೂರು ಮೀನುಗಳಲ್ಲಿ 50 ವರ್ಣತಂತುಗಳಿದ್ದರೆ, ಸಾಮಾನ್ಯ ಗೆಂಡೆಯಲ್ಲಿ 100 ಇವೆ. ಈ ಹೆಚ್ಚಿನ 50 ಎಲ್ಲಿಂದ ಬಂದವು, ಬಂದ ಮೇಲೆ ಏನಾದವು ಎಂಬುದನ್ನು ತಿಳಿದುಕೊಂಡರೆ ಮೀನುಮರಿ ಕೊಳ್ಳುವಾಗ ಮತ್ತು ತಾಯಿ ಮೀನುಗಳನ್ನು ಕಾಪಾಡುವಾಗ ಯಾವ ಎಚ್ಚರ ಅಗತ್ಯವೆಂಬುದೂ ತಿಳಿಯುತ್ತದೆ.

ಬೆಳೆಗಳಲ್ಲಿರುವ ಉದಾಹರಣೆ

ವರ್ಣತಂತುಗಳು ಇಮ್ಮಡಿಯಾಗುವುದು ರೈತರಿಗೆ ತೀರ ಹೊಸ ವಿಷಯವಲ್ಲ. ಜಯಧರ್‌ನಂತಹ ದೇಶೀ ಹತ್ತಿಯಲ್ಲಿ 26 ವರ್ಣತಂತುಗಳಿದ್ದರೆ ಅಮೆರಿಕನ್ ಹತ್ತಿಯಲ್ಲಿ 52 ಇವೆ. ನೆಲಗಡಲೆಯ 40 ವರ್ಣತಂತುಗಳು ತಲಾ 20 ಇರುವ ಎರಡು ಕಾಡು ಜಾತಿಗಳಿಂದ ಬಂದವು. ರಾಗಿಯ 36 ವರ್ಣತಂತುಗಳಿಗೂ ಇಂತಹ ಎರಡು ಮೂಲಗಳಿವೆ. ಎರಡು ಜಾತಿಗಳು ಕೂಡಿ, ಎರಡರ ವರ್ಣತಂತುಗಳೂ ಪೂರ್ತಿಯಾಗಿ ಒಂದೇ ಸಂತಾನದಲ್ಲಿ ಉಳಿದಾಗ ಹೀಗಾಗುತ್ತದೆ.

ಸಾಮಾನ್ಯ ಗೆಂಡೆಯ ಕಥೆಯೂ ಇದೇ. ಸುಮಾರು ಒಂದು ಕೋಟಿ ವರ್ಷಗಳ ಹಿಂದೆ ಹತ್ತಿರದ ಸಂಬಂಧವಿದ್ದ ಎರಡು ಮೀನು ಜಾತಿಗಳು ಕೂಡಿ ಈ ಮೀನಿನ ಪೂರ್ವಜ ಹುಟ್ಟಿತು. 2014ರಲ್ಲಿ ಪ್ರಕಟವಾದ ಇದರ ಜೀನೋಮ್‌ನಲ್ಲಿ, ಅಂದರೆ ವಂಶವಾಹಿಗಳ ಪೂರ್ಣ ಸಮೂಹದಲ್ಲಿ, 52 ಸಾವಿರಕ್ಕೂ ಹೆಚ್ಚು ವಂಶವಾಹಿಗಳನ್ನು ಗುರುತಿಸಲಾಯಿತು. 50 ವರ್ಣತಂತುಗಳುಳ್ಳ ಜೀಬ್ರಾ ಮೀನಿನಲ್ಲಿ ಇರುವುದು ಸುಮಾರು 26 ಸಾವಿರ.

ಹಳೆಯ ಇಮ್ಮಡಿಗಳು

ಮೀನುಗಳ ವಂಶದಲ್ಲಿ ಇದು ಮೊದಲ ಇಮ್ಮಡಿಯಲ್ಲ. ಎಲ್ಲ ಬೆನ್ನೆಲುಬಿನ ಪ್ರಾಣಿಗಳ ಆದಿಕಾಲದಲ್ಲಿಯೇ ಇಂತಹ ಘಟನೆಗಳು ನಡೆದಿದ್ದವು. ಆಮೇಲೆ, 30 ಕೋಟಿಗೂ ಹೆಚ್ಚು ವರ್ಷಗಳ ಹಿಂದೆ, ಇಂದಿನ ಬಹುತೇಕ ಎಲುಬಿನ ಮೀನುಗಳ ಪೂರ್ವಜನಲ್ಲಿ ಮತ್ತೊಮ್ಮೆ ಇಮ್ಮಡಿಯಾಯಿತು. ಕಾಟ್ಲ, ರೋಹು, ಮೃಗಾಲ್‌ಗಳೂ ಆ ವಂಶದವೇ.

ಇಷ್ಟು ಹಳೆಯ ಸಂಗತಿ ತಿಳಿದದ್ದು ಹೇಗೆ? ಉತ್ತರ ಅಮೆರಿಕದ ಗಾರ್ ಎಂಬ ಮೀನು ಆ ಇಮ್ಮಡಿಗೆ ಮೊದಲೇ ಬೇರೆಯಾದ ಕವಲು. 2016ರಲ್ಲಿ ಪ್ರಕಟವಾದ ಅದರ ಜೀನೋಮನ್ನು ಇತರ ಮೀನುಗಳದರ ಜೊತೆ ಹೋಲಿಸಿದಾಗ, ಗಾರ್‌ನಲ್ಲಿ ಒಂದೆಡೆ ಇರುವ ವಂಶವಾಹಿಗಳ ಸಾಲಿಗೆ ಸರಿಯಾದ ಸಾಲುಗಳು ಇತರ ಮೀನುಗಳಲ್ಲಿ ಎರಡೆರಡು ಕಡೆ ಕಂಡುಬಂದವು.

ಎರಡನೆಯ ಪ್ರತಿಯ ಗತಿ

ಒಂದೇ ಕೆಲಸಕ್ಕೆ ಎರಡು ವಂಶವಾಹಿಗಳಿದ್ದರೆ ಏನಾಗುತ್ತದೆ? ಜಪಾನೀ ಮೂಲದ ವಿಜ್ಞಾನಿ ಸುಸುಮು ಓನೋ ಅವರು 1970ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಪ್ರಶ್ನೆಯನ್ನು ವಿವರವಾಗಿ ಚರ್ಚಿಸಿದ್ದಾರೆ. ಮುಖ್ಯವಾಗಿ ಮೂರು ಗತಿಗಳುಂಟು.

1. ನಾಶ: ಒಂದು ಪ್ರತಿ ಕೆಟ್ಟರೂ ಇನ್ನೊಂದು ಕೆಲಸ ನಡೆಸುವುದರಿಂದ ಕೆಟ್ಟದ್ದು ಕ್ರಮೇಣ ಕಳೆದುಹೋಗುತ್ತದೆ. ಹೆಚ್ಚಿನ ಪ್ರತಿಗಳ ಗತಿ ಇದೇ. ಹಳೆಯ ಇಮ್ಮಡಿಯಿಂದ ಬಂದ ಜೋಡಿಗಳಲ್ಲಿ ಇಂದು ಸರಿಸುಮಾರು ಐದರಲ್ಲೊಂದು ಮಾತ್ರ ಉಳಿದಿದೆ.

2. ಕೆಲಸದ ಹಂಚಿಕೆ: ಒಬ್ಬನೇ ಗೇಯುತ್ತಿದ್ದ ಹೊಲವನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಂತೆ ಎರಡು ಪ್ರತಿಗಳು ಕೆಲಸ ಹಂಚಿಕೊಳ್ಳುತ್ತವೆ. ಇಲಿಯಲ್ಲಿ ಒಂದೇ ವಂಶವಾಹಿಯು ಕಾಲಿನ ಮೊಗ್ಗಿನಲ್ಲಿಯೂ ನರಮಂಡಲದಲ್ಲಿಯೂ ಕೆಲಸ ಮಾಡುತ್ತದೆ. ಜೀಬ್ರಾ ಮೀನಿನಲ್ಲಿ ಅದರ ಒಂದು ಪ್ರತಿ ಎದೆಯ ಈಜುರೆಕ್ಕೆಯ ಮೊಗ್ಗಿನಲ್ಲಿ, ಇನ್ನೊಂದು ನರಕೋಶಗಳಲ್ಲಿ ಕೆಲಸ ಮಾಡುವುದು ಕಂಡುಬಂದಿದೆ. ಹೀಗಾದ ಮೇಲೆ ಎರಡೂ ಬೇಕೇ ಬೇಕು.

3. ಹೊಸ ಕೆಲಸ: ಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ಹುಟ್ಟಿಸುವ ವಂಶವಾಹಿಯೊಂದಕ್ಕೆ ಮೀನುಗಳಲ್ಲಿ ಎರಡು ಪ್ರತಿಗಳಿವೆ. ಆಫ್ರಿಕ ಮತ್ತು ದಕ್ಷಿಣ ಅಮೆರಿಕದ ವಿದ್ಯುತ್ ಮೀನುಗಳಲ್ಲಿ ಒಂದು ಪ್ರತಿ ಸ್ನಾಯುವಿನ ಕೆಲಸ ಬಿಟ್ಟು ವಿದ್ಯುತ್ ಅಂಗಕ್ಕೇ ಮೀಸಲಾಗಿದೆ. ಎರಡು ಖಂಡಗಳಲ್ಲೂ ಇದು ಪ್ರತ್ಯೇಕವಾಗಿಯೇ ನಡೆದಿದೆ.

ಈ ಬದಲಾವಣೆಗಳಿಗೆ ಕಾಲ ಬೇಕು. ಸಾಲ್ಮನ್ ಮತ್ತು ಟ್ರೌಟ್ ಮೀನುಗಳ ವಂಶದಲ್ಲಿ 8ರಿಂದ 10 ಕೋಟಿ ವರ್ಷಗಳ ಹಿಂದೆ ಪ್ರತ್ಯೇಕವಾಗಿ ಇಮ್ಮಡಿಯಾಯಿತು. ಅವುಗಳಲ್ಲಿ ಇಂದಿಗೂ ಸುಮಾರು ಅರ್ಧದಷ್ಟು ವಂಶವಾಹಿಗಳು ಜೋಡಿಯಾಗಿಯೇ ಇವೆ. ಸಾಮಾನ್ಯ ಗೆಂಡೆಯದು ಇನ್ನೂ ಈಚಿನದು. ಆದ್ದರಿಂದ ಅದರಲ್ಲಿ ಬಹುಪಾಲು ಜೋಡಿಗಳು ಉಳಿದಿವೆ.

ರೈತರು ಗಮನಿಸಬೇಕಾದದ್ದು

ವರ್ಣತಂತು ಹೆಚ್ಚಿದ್ದರೆ ಮೀನು ದೊಡ್ಡದಾಗುತ್ತದೆ ಎಂದು ತಿಳಿಯುವುದು ಸರಿಯಲ್ಲ. ಗಾಜಿನ ತೊಟ್ಟಿಯಲ್ಲಿ ಸಾಕುವ ಚಿನ್ನದ ಮೀನಿಗೂ 100 ವರ್ಣತಂತುಗಳೇ; 50 ಇರುವ ಕಾಟ್ಲವಾದರೋ ಶೀಘ್ರವಾಗಿ ಬೆಳೆದು ಹಲವು ಕಿಲೋ ತೂಗುತ್ತದೆ. ಬೆಳವಣಿಗೆ ನಿಂತಿರುವುದು ತಳಿಯ ಗುಣ, ಆಹಾರ ಮತ್ತು ನೀರಿನ ಮೇಲೆ. ಬೆಚ್ಚಗಿನ ಕೆರೆಗಳಲ್ಲಿ ಸಾಮಾನ್ಯ ಗೆಂಡೆ ಮಾರುವ ಗಾತ್ರಕ್ಕೆ ಬರುವ ಮೊದಲೇ ಮೊಟ್ಟೆ ಕಟ್ಟುವುದು ದೊಡ್ಡ ತೊಡಕು. ಇದಕ್ಕೆ ತಡವಾಗಿ ಬಲಿಯುವ, ಹಂಗರಿಯಿಂದ ತಂದ ಅಮೂರ್‌ನಂತಹ ತಳಿಯನ್ನು ಆರಿಸುವುದು ಉತ್ತಮ.

ಎರಡನೆಯದಾಗಿ, ಅಡ್ಡ ತಳಿಯ ವಿಷಯ. ಸಾಮಾನ್ಯ ಗೆಂಡೆಯ ಮೊಟ್ಟೆಯಲ್ಲಿ 50, ರೋಹುವಿನ ವೀರ್ಯಾಣುವಿನಲ್ಲಿ 25 ವರ್ಣತಂತುಗಳಿರುತ್ತವೆ. ಇವೆರಡು ಕೂಡಿದರೆ 75 ಆಗಿ, ವರ್ಣತಂತುಗಳು ಸರಿಯಾಗಿ ಜೊತೆಗೂಡಲಾರದೆ ಸಂತಾನ ಬರಡಾಗುತ್ತದೆ. ಬೆರಕೆ ಅಲ್ಲಿಗೇ ನಿಲ್ಲುತ್ತದೆ. ಕಾಟ್ಲ ಮತ್ತು ರೋಹು ಕೂಡಿದರೆ ಹಾಗಲ್ಲ. ಎರಡರಲ್ಲೂ 50 ಇರುವುದರಿಂದ ಬೆರಕೆ ಮೀನು ಮತ್ತೆ ಮರಿ ಮಾಡುತ್ತದೆ. ಅದು ಮರಳಿ ಶುದ್ಧ ಮೀನುಗಳೊಡನೆ ಕೂಡಿ ಒಂದೆರಡು ತಲೆಮಾರು ಕಳೆದರೆ ಕಣ್ಣಿನಿಂದ ಗುರುತು ಹಿಡಿಯುವುದೇ ಕಷ್ಟ. ಮರಿ ಉತ್ಪಾದನಾ ಕೇಂದ್ರಗಳಲ್ಲಿ ಹಲವು ಜಾತಿಯ ಬಲಿತ ಮೀನುಗಳನ್ನು ಒಂದೇ ತೊಟ್ಟಿಗೆ ಬಿಡುವುದರಿಂದ ಇಂತಹ ಬೆರಕೆ ಆಗುತ್ತದೆ.

ಆದ್ದರಿಂದ ಮರಿ ಮಾಡುವವರು ಈ ಕ್ರಮಗಳನ್ನು ಅನುಸರಿಸಬೇಕು:

• ಪ್ರತಿ ಜಾತಿಗೂ ಬೇರೆ ತೊಟ್ಟಿಯಲ್ಲಿ ಮೊಟ್ಟೆ ಇಡಿಸಬೇಕು.
• ಒಂದೇ ತಾಯಿಯ ಮರಿಗಳನ್ನು ಪರಸ್ಪರ ಕೂಡಿಸಬಾರದು. ಸಾಮಾನ್ಯ ಗೆಂಡೆಯಲ್ಲಿ ವಂಶವಾಹಿಗಳು ಜೋಡಿಯಾಗಿದ್ದರೂ ಒಳಸಂತಾನದ ದೋಷ ತಪ್ಪುವುದಿಲ್ಲ.
• ಆಗಾಗ ಬೇರೆ ಮೂಲದ, ಖಚಿತ ತಳಿಯ ತಾಯಿ ಮೀನುಗಳನ್ನು ತಂದು ಸೇರಿಸಿಕೊಳ್ಳಬೇಕು.
• ಚೆನ್ನಾಗಿ ಬೆಳೆದ ಮೀನುಗಳನ್ನೆಲ್ಲ ಮಾರಿ, ಉಳಿದ ಸಣಕಲು ಮೀನುಗಳನ್ನು ಮರಿಗೆ ಇಟ್ಟುಕೊಳ್ಳುವ ಪದ್ಧತಿ ಬಿಡಬೇಕು.

ಮರಿ ಕೊಳ್ಳುವ ರೈತರು ತಾಯಿ ಮೀನು ಯಾವುದು, ಎಲ್ಲಿಯದು ಎಂದು ವಿಚಾರಿಸಿಯೇ ಕೊಳ್ಳಬೇಕು.

ಎರಡು ಜಾತಿಗಳ ಕೂಡುವಿಕೆಯಿಂದ ಸ್ಥಿರವಾದ ಒಂದು ಜಾತಿಯನ್ನು ರೂಪಿಸಲು ಪ್ರಕೃತಿ ಲಕ್ಷಾಂತರ ತಲೆಮಾರುಗಳನ್ನು ತೆಗೆದುಕೊಂಡಿದೆ. ಅಜಾಗ್ರತೆಯ ಬೆರಕೆಯಿಂದ ಒಳ್ಳೆಯ ತಳಿ ಕೆಡಲು ಕೆಲವೇ ಹಂಗಾಮುಗಳು ಸಾಕು. ಬಿತ್ತನೆ ಬೀಜದಲ್ಲಿ ತೋರುವ ಕಾಳಜಿಯನ್ನೇ ಮೀನುಮರಿಯಲ್ಲಿಯೂ ತೋರಿದರೆ ಕೆರೆಯ ಫಸಲು ಕೈಗೆ ಹತ್ತುವುದರಲ್ಲಿ ಸಂದೇಹವಿಲ್ಲ.